ಒಂದೇ ನಕ್ಷೆ, ಮೂರು ರೆಕ್ಕೆ: ಕೊರೋಪ್ಲಾಸ್ಟ್‌ನಲ್ಲಿ ಎರಡು, ಫೋಮ್‌ನಲ್ಲಿ ಒಂದು

ಬಾಲವಿಲ್ಲದ, ರೆಕ್ಕೆಯೇ ಇಡೀ ವಿಮಾನವಾಗಿರುವ ರಿಮೋಟ್ ಮಾದರಿ ಇದು. ನಕ್ಷೆ ಒಂದೇ. ತುದಿಯಿಂದ ತುದಿಗೆ ಅಗಲ 90 ಸೆಂ.ಮೀ., ಮುಂದಿನಿಂದ ಹಿಂದಕ್ಕೆ ರೆಕ್ಕೆಯ ಉದ್ದ ನಡುವಿನಲ್ಲಿ 30, ತುದಿಯಲ್ಲಿ 18, ತುದಿ ಮೂಗಿಗಿಂತ 20 ಸೆಂ.ಮೀ. ಹಿಂದೆ. ಮೋಟಾರು ಹಿಂಭಾಗದಲ್ಲಿ, ಎರಡು ಎಲಿವಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ), ಅವನ್ನು ಆಡಿಸಲು ಎರಡು ಸರ್ವೊ ಎಂಬ ಪುಟ್ಟ ಮೋಟಾರು. ಕೊರೋಪ್ಲಾಸ್ಟ್ ಎಂದರೆ ಒಳಗೆ ಸಾಲಾಗಿ ಕೊಳವೆಗಳಿರುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಾಳೆ. ಈ ನಕ್ಷೆಯನ್ನೇ 4 ಮಿ.ಮೀ. ಕೊರೋಪ್ಲಾಸ್ಟ್‌ನ ಒಂದೇ ಪದರದಲ್ಲಿ, 2 ಮಿ.ಮೀ. ಹಾಳೆ ಮಡಚಿ ಎರಡು ಪದರದಲ್ಲಿ, 6 ಮಿ.ಮೀ. ಫೋಮ್‌ನಲ್ಲಿ ಕತ್ತರಿಸಿ ಹಾರಿಸಿದೆ.

4 ಮಿ.ಮೀ. ಹಾಳೆಯದ್ದು ಒಂದೇ ಸಂಜೆಯ ಕೆಲಸ. ಆದರೆ ಮೊದಲ ಸಲ ಹಾಳೆಯೊಳಗಿನ ಕೊಳವೆಗಳು ಮುಂದಿನಿಂದ ಹಿಂದಕ್ಕೆ ಹೋಗುವಂತೆ ಕತ್ತರಿಸಿಬಿಟ್ಟೆ. ಎತ್ತಿದರೆ ರೆಕ್ಕೆ ಪುಸ್ತಕದಂತೆ ಮಡಚಿಕೊಂಡಿತು. ಎರಡನೇ ಸಲ ಕೊಳವೆಗಳನ್ನು ಹಿಂದಿನ ಅಂಚಿಗೆ ಸಮಾನಾಂತರವಾಗಿ ಇಟ್ಟು, ಒಂದರೊಳಗೆ ಬಿದಿರಿನ ಕಡ್ಡಿ ತೂರಿಸಿದೆ. ಹೀಗೆ ಮಾಡಿದರೆ ಎಲಿವಾನ್‌ಗೆ ಬೇರೆ ಕೀಲು ಬೇಡ. ಒಂದು ಕೊಳವೆಯ ಮೇಲಿನ ಪೊರೆಯನ್ನಷ್ಟೇ ಬ್ಲೇಡಿನಿಂದ ಉದ್ದಕ್ಕೆ ಸೀಳಿದರಾಯಿತು, ಕೆಳಗಿನ ಪೊರೆಯೇ ಕೀಲಾಗುತ್ತದೆ. ಪಾಲಿಪ್ರೊಪಿಲೀನ್ ಸಾವಿರಾರು ಸಲ ಮಡಚಿದರೂ ಸುಲಭಕ್ಕೆ ತುಂಡಾಗದು. ಶಾಂಪೂ ಬಾಟಲಿಯ ಮುಚ್ಚಳದ ಕೀಲೂ ಸಾಮಾನ್ಯವಾಗಿ ಅದರದ್ದೇ. ಗಾಳಿಯಲ್ಲಿ ಮಾತ್ರ ಚಪ್ಪಟೆ ರೆಕ್ಕೆ ಚಪ್ಪಟೆಯಾಗಿಯೇ ವರ್ತಿಸಿತು: ನಿಧಾನಿಸಿದರೆ ಸುಳಿವಿಲ್ಲದೆ ಬೀಳುತ್ತಿತ್ತು, ವೇಗ ಹೆಚ್ಚಿದರೆ ತುದಿಗಳು ಪಟಪಟ ಬಡಿಯುತ್ತಿದ್ದವು.

ಮಡಚಿದ ರೆಕ್ಕೆಗೆ ಮೂರು ಸಂಜೆ ಹಿಡಿಯಿತು. ಬೆರಗಾಗಿದ್ದು ತೂಕ ನೋಡಿ: ಎರಡು ಪದರವಿದ್ದರೂ ಬರೀ ಹಾಳೆಯ ಲೆಕ್ಕದಲ್ಲಿ ಇದೂ 170 ಗ್ರಾಂ ಆಸುಪಾಸು, 4 ಮಿ.ಮೀ. ಹಾಳೆಯಷ್ಟೇ. ಒಳಗೆ 4 ಮಿ.ಮೀ. ಹಾಳೆಯ ಪಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಿದ ಮೇಲೆ, ತುದಿಗಳನ್ನು ಹಿಡಿದು ತಿರುಚಿದರೂ ಬಗ್ಗಲಿಲ್ಲ. ಕಿರಿಕಿರಿ ಅಂಟಿನದ್ದು. ಸೂಪರ್ ಗ್ಲೂ ಈ ಪ್ಲಾಸ್ಟಿಕ್ ಮೇಲೆ ಒಣಗಿ ಸಿಪ್ಪೆಯಂತೆ ಎದ್ದು ಬರುತ್ತದೆ. ಮರಳು ಕಾಗದದಿಂದ ಉಜ್ಜಿ, ಹಾಟ್ ಗ್ಲೂ ಹಾಕಿ, ಮೇಲೆ ಟೇಪ್ ಬಿಗಿದೆ. (ಅದೇ ಸೂಪರ್ ಗ್ಲೂ ಈ ಫೋಮ್ ಅನ್ನು ಕರಗಿಸಿ ತೂತು ಮಾಡುತ್ತದೆ. ಎರಡೂ ಕಡೆ ಕೈಕೊಡುವ ಅಂಟು.)

ಫೋಮ್‌ನದ್ದು ಬ್ಯಾಟರಿ ಸಮೇತ 280 ಗ್ರಾಂ, ಕೊರೋಪ್ಲಾಸ್ಟ್‌ನವು 400ರ ಮೇಲೆ. ರೆಕ್ಕೆಯ ವಿಸ್ತೀರ್ಣ ಒಂದೇ ಆದ್ದರಿಂದ, ಬೀಳದೆ ಹಾರಲು ಇವಕ್ಕೆ ಸುಮಾರು ಐದನೇ ಒಂದು ಪಾಲು ಹೆಚ್ಚು ವೇಗ ಬೇಕು. ಅದಕ್ಕೆ ಕೈ ಒಗ್ಗಿಕೊಳ್ಳುತ್ತದೆ. ನನ್ನನ್ನು ಕಾಡಿದ್ದು ಬೇರೆ.

ಈ ಆಕಾರಕ್ಕೆ ಲೆಕ್ಕ ಹಾಕಿದರೆ ತೂಕದ ಕೇಂದ್ರ ಮೂಗಿನಿಂದ 13 ಸೆಂ.ಮೀ. ಹತ್ತಿರ ಬರಬೇಕು, 15 ದಾಟಿದರೆ ವಿಮಾನ ಮಾತು ಕೇಳುವುದಿಲ್ಲ. ಹಿಂದಕ್ಕೆ ಬಾಗಿದ ರೆಕ್ಕೆಯಲ್ಲಿ ಹಾಳೆಯ ತೂಕ ಕೂತಿರುವುದು ಮಾತ್ರ 21ರ ಹತ್ತಿರ. ಫೋಮ್ ಹಗುರ, ಬ್ಯಾಟರಿಯನ್ನು ತುಸು ಮುಂದೆ ಸರಿಸಿದರೆ ಮುಗಿಯಿತು. ಕೊರೋಪ್ಲಾಸ್ಟ್‌ನ 170 ಗ್ರಾಂ ಪೂರ್ತಿ ಹಿಂದಕ್ಕೆ ಎಳೆಯುತ್ತದೆ, ಜೊತೆಗೆ ಮೋಟಾರೂ ಹಿಂದೆಯೇ. ಬ್ಯಾಟರಿಯನ್ನು ಮೂಗಿನ ತುದಿಯಲ್ಲಿಟ್ಟರೂ ಕೇಂದ್ರ 15ಕ್ಕೇ ನಿಂತಿತ್ತು. ಆದದ್ದಾಗಲಿ ಎಂದು ಎಸೆದೆ. ಮೂಗೆತ್ತಿ, ಬೆನ್ನ ಮೇಲೆ ಮಗುಚಿ, ನನ್ನ ಹಿಂದೆಯೇ ಬಂದು ಬಿತ್ತು. ರೆಕ್ಕೆಗೆ ಗೀರೂ ಆಗಲಿಲ್ಲ, ಪ್ರೊಪೆಲ್ಲರ್ ಮಾತ್ರ ಹೋಯಿತು. ಆಮೇಲೆ ಮೂಗಿನ ಮುಂದಕ್ಕೆ 7 ಸೆಂ.ಮೀ. ಚಾಚುವ ಡಬ್ಬಿ ಮಾಡಿ ಬ್ಯಾಟರಿಯನ್ನು ಅದರಲ್ಲಿಟ್ಟೆ, ಎಲಿವಾನ್‌ಗಳನ್ನು 3 ಮಿ.ಮೀ. ಮೇಲಕ್ಕೆ ನಿಲ್ಲಿಸಿದೆ. ನೆಟ್ಟಗೆ ಹೋಯಿತು.

ಗಾಳಿಯಿಲ್ಲದ ಸಂಜೆ, ಚಿಕ್ಕ ಬಯಲು ಅಂದರೆ ನಾನು ಈಗಲೂ ಫೋಮ್ ಅನ್ನೇ ಒಯ್ಯುತ್ತೇನೆ. ಆದರೆ ಅದರ ಮೂಗು ಎರಡು ಸಲ ಮುರಿದಿದೆ. ಕಲಿಯುವವರ ಕೈಗೆ ಕೊಡುವುದು ಮಡಚಿದ ಕೊರೋಪ್ಲಾಸ್ಟ್ ರೆಕ್ಕೆಯನ್ನು. 4 ಮಿ.ಮೀ. ರೆಕ್ಕೆಯನ್ನು ಬಿಚ್ಚಿ ಹಾಕಿದೆ. ಡಬ್ಬಿಗೆ ಹಾಳೆ ಸಿಕ್ಕಿದ್ದು ಅದರಿಂದಲೇ.