ಮಂಡಿಯ ಮೃದ್ವಸ್ಥಿ ಚಿಕಿತ್ಸೆಗೆ ಸಲಹೆ: ದಾವಣಗೆರೆಯ ಒಂದು ಕ್ಲಿನಿಕ್

ಶಟಲ್ ಆಡುವಾಗ ಮಂಡಿ ತಿರುಚಿ, ತೊಡೆಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿ (ಕಾರ್ಟಿಲೇಜ್) ಸುಮಾರು 3 ಚದರ ಸೆಂಟಿಮೀಟರಿನಷ್ಟು ಕಿತ್ತುಹೋಗಿದೆಯೆಂದು ಎಂಆರ್‌ಐಯಲ್ಲಿ ತಿಳಿದ ಮೇಲೆ ದಾವಣಗೆರೆಯ ಮೂಳೆ ಕ್ಲಿನಿಕ್ಕೊಂದಕ್ಕೆ ಹೋಗಿದ್ದೆ. ಟೋಕನ್ ಪಡೆದು ಎರಡೂವರೆ ಗಂಟೆ ಕಾದದ್ದು ಬೇಸರ ತಂದರೂ, ವೈದ್ಯರು ಅವಸರವಿಲ್ಲದೆ ವಿವರಿಸಿದ ರೀತಿ ಮೆಚ್ಚುವಂಥದ್ದು.

ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲವಾದ್ದರಿಂದ ಅದು ಚರ್ಮದಂತೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಮಂಡಿಯಲ್ಲಿ ಹೆಚ್ಚು ಭಾರ ಬೀಳದ ಕಡೆಯಿಂದ ಸಣ್ಣ ಚೂರನ್ನು ತೆಗೆದು, ಅದರ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ, ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಗಾಯದ ಜಾಗಕ್ಕೆ ಕೂರಿಸುತ್ತಾರೆ. ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದ ಈ ವಿಧಾನ ಮುಂದೆ ಸುಧಾರಿಸಿತು. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆದ ಮಾದರಿಯಲ್ಲಿ ಕೋಶಗಳನ್ನು ಹಂದಿಯ ಕೊಲಾಜೆನ್ ಎಂಬ ಪ್ರೋಟೀನಿನ ಪೊರೆಯ ಮೇಲೆ ಬೆಳೆಸಿ, ಗಾಯದ ಅಳತೆಗೆ ಕತ್ತರಿಸಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನ್ನಿನ ಅಂಟಿನಿಂದ ಅಂಟಿಸುತ್ತಾರೆ. ಹಂದಿಯ ಹೆಸರು ಕೇಳಿ ಜೊತೆಗಿದ್ದ ಅಮ್ಮ ಮುಖ ಸಿಂಡರಿಸಿದರು; ಆದರೂ ತಮ್ಮ ಮಂಡಿಗೂ ಇದು ಆಗುತ್ತದೆಯೇ ಎಂದು ಕೇಳದೆ ಬಿಡಲಿಲ್ಲ. ವಯಸ್ಸಿನಿಂದ ಇಡೀ ಕೀಲು ಸವೆದವರಿಗೆ ಇದು ಸಲ್ಲದು, ಅಕ್ಕಪಕ್ಕದ ಮೃದ್ವಸ್ಥಿ ಗಟ್ಟಿಯಿದ್ದು ಒಂದೆಡೆ ಮಾತ್ರ ಗಾಯವಿದ್ದವರಿಗಷ್ಟೇ ಎಂದು ವೈದ್ಯರು ನೇರವಾಗಿ ಹೇಳಿದರು. ಆಸೆ ಹುಟ್ಟಿಸಿ ಹಣ ಕೀಳದ ಈ ನಡತೆಗೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ಕೊರತೆಯೆಂದರೆ, ಖರ್ಚಿನ ಅಂದಾಜನ್ನು ಬಾಯಿಮಾತಿನಲ್ಲಿ ಹೇಳಿದರೇ ಹೊರತು ಬರೆದುಕೊಡಲಿಲ್ಲ. ಊರುಗೋಲಿನ ವಾರಗಳು, ತಿಂಗಳುಗಟ್ಟಲೆಯ ಫಿಸಿಯೋಥೆರಪಿ, ಇವುಗಳ ವಿವರವನ್ನೂ ನಾನೇ ಕೆದಕಿ ಕೇಳಬೇಕಾಯಿತು.