ಡಾಲಿ ಪಾರ್ಟನ್ ಹಾಡಿದ್ದೋ, ವಿಟ್ನಿ ಹ್ಯೂಸ್ಟನ್ ಹಾಡಿದ್ದೋ?

ಕಾಸರಗೋಡಿನ ಕಾಲೇಜು ವೇದಿಕೆಯಲ್ಲಿ ಇಂಗ್ಲಿಷಿನ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡಬೇಕೆನ್ನುವವರು ಕಣ್ಣುಮುಚ್ಚಿ ಅಮೆರಿಕದ ಗಾಯಕಿ ವಿಟ್ನಿ ಹ್ಯೂಸ್ಟನ್ ದಾರಿ ಹಿಡಿಯುತ್ತಾರೆ. ಸ್ವಲ್ಪ ತಾಳಿ.

ವಿಟ್ನಿಯ 1992ರ ಆ ಮರುಹಾಡಿಕೆ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯ ಮೇಲ್ತುದಿಯಲ್ಲಿ 14 ವಾರ ಕುಳಿತಿತ್ತು, ಗ್ರ್ಯಾಮಿ ಸಂಗೀತ ಪ್ರಶಸ್ತಿಯನ್ನೂ ಗೆದ್ದಿತು. ಕಂಠಪ್ರದರ್ಶನ ಅತಿಯಾಯಿತೆಂದು ಮೂಗು ಮುರಿದ ವಿಮರ್ಶಕರೂ ಇದ್ದರು. ನಾನು ಅವರ ಪಕ್ಷದವನಲ್ಲ. ವಾದ್ಯವಿಲ್ಲದ ಆ ಆರಂಭ, ಕೊನೆಯಲ್ಲಿ ಒಂದು ಕ್ಷಣದ ಮೌನ, ಡ್ರಮ್ಮಿನ ಒಂದೇ ಪೆಟ್ಟು, ಕೂಡಲೇ ಮೇಲೇರುವ ಶ್ರುತಿ: ಅದ್ಭುತ. ಆದರೆ ಯಕ್ಷಗಾನದ ಭಾಗವತರ ಏರುಪದ ಕೇಳಿ ಪಳಗಿದ ನಮ್ಮೂರಿನ ಕಿವಿಗಳು ಅಲ್ಲಿ ಸ್ವರ ಕೊಂಚ ಜಾರಿದರೂ ಬಿಡುವುದಿಲ್ಲ.

ಅಮೆರಿಕದವರೇ ಆದ ಗಾಯಕಿ ಡಾಲಿ ಪಾರ್ಟನ್ 1974ರಲ್ಲಿ ಹೊರತಂದ ಮೂಲ ಬೇರೆಯೇ ಜಾತಿಯದು. ತನ್ನನ್ನು ಬೆಳೆಸಿದ ಗಾಯಕ, ಟಿವಿ ನಿರೂಪಕ ಪೋರ್ಟರ್ ವ್ಯಾಗನರ್ ಅವರಿಂದ ದೂರವಾಗುವಾಗ ಬರೆದದ್ದು. ಒಂದು ಚರಣವನ್ನು ಹಾಡದೆ ಬರೀ ಮಾತಿನಲ್ಲಿ ಹೇಳುತ್ತಾರೆ. ನನಗೆ ಗಂಟಲು ಕಟ್ಟುವುದು ಅಲ್ಲಿಯೇ. ಇನ್ನೊಬ್ಬ ಗಾಯಕಿ ಲಿಂಡಾ ರಾನ್‌ಸ್ಟಾಟ್ 1975ರಲ್ಲಿ ಹಾಡಿದ್ದು ಇವೆರಡರ ನಡುವೆ ಮರೆಯಾಗಿದೆ.

ವರ್ಷಗಟ್ಟಲೆ ಅಭ್ಯಾಸವಿಲ್ಲದಿದ್ದರೆ ಡಾಲಿಯದನ್ನೇ ಆರಿಸಿ. ಒಂದು ಗಿಟಾರ್ ಸಾಕು. ಮದುವೆಯ ಆರತಕ್ಷತೆಗಾದರೆ ಎರಡೂ ಬೇಡ, ಇದು ಬೀಳ್ಕೊಡುವ ಹಾಡು.