ಖಾಲಿ ಜೇಬಿಗೆ ಬಾಕ್ಸಿಂಗೇ ಸರಿ: ಜೂಡೋ, ಕರಾಟೆ ಪಕ್ಕದಲ್ಲಿಟ್ಟು ನೋಡಿದರೂ

ಕೈಯಲ್ಲಿ ಕಾಸಿಲ್ಲ, ಆದರೂ ಒಂದು ಸಮರಕಲೆ ಕಲಿಯಲೇಬೇಕು ಅನ್ನುವವರು ಬಾಕ್ಸಿಂಗ್ ಹಿಡಿಯಿರಿ. ಜೂಡೋದಲ್ಲಿ ಆಳ ಹೆಚ್ಚು, ಕರಾಟೆ ಕಣ್ಣಿಗೆ ಚೆಂದ, ಒಪ್ಪುತ್ತೇನೆ. ದುಡ್ಡಿನ ಲೆಕ್ಕಕ್ಕೆ ಕೂತಾಗ ಮಾತ್ರ ಎರಡೂ ಹಿಂದೆ ಬೀಳುತ್ತವೆ. ತಿಂಗಳ ಶುಲ್ಕ ನೋಡಿ ಅಗ್ಗ ಎಂದು ಸೇರಿದವರಿಗೆ ಆಮೇಲೆ ಗೊತ್ತಾಗುವ ಖರ್ಚುಗಳೇ ಬೇರೆ: ಸಮವಸ್ತ್ರ, ಬೆಲ್ಟ್ ಪರೀಕ್ಷೆ, ಸಂಘದ ವಾರ್ಷಿಕ ಸದಸ್ಯತ್ವ, ಸ್ಪರ್ಧೆಯ ನೋಂದಣಿ, ಓಡಾಟ. ಆದ್ದರಿಂದ ಸೇರುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ. ಗುರು ಎದುರಿಗಿಲ್ಲದ ದಿನ ಮನೆಯ ಮೂಲೆಯಲ್ಲಿ ಒಬ್ಬರೇ ನಿಂತು ಮಾಡಿದ್ದರಲ್ಲಿ ಎಷ್ಟು ಪಾಲು ಕೈಗೆ ಹತ್ತುತ್ತದೆ?

ಬಾಕ್ಸಿಂಗಿನಲ್ಲಿ ಬಹುಪಾಲು ಹತ್ತುತ್ತದೆ. ನಿಲುವು, ಹೆಜ್ಜೆ, ಜ್ಯಾಬ್ (ಮುಂದಿನ ಕೈಯ ನೇರ ಗುದ್ದು), ಕ್ರಾಸ್ (ಹಿಂದಿನ ಕೈಯ ನೇರ ಗುದ್ದು), ಹುಕ್ (ಪಕ್ಕದಿಂದ ಬಾಗಿ ಬರುವ ಗುದ್ದು), ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಬರುವ ಗುದ್ದು): ಕಲಿಯಬೇಕಾದ ಅಕ್ಷರಮಾಲೆ ಚಿಕ್ಕದು, ತಿದ್ದುವುದು ಮಾತ್ರ ಮುಗಿಯುವುದಿಲ್ಲ. 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ ಬಂದ 3 ನಿಮಿಷದ ಸುತ್ತು, 1 ನಿಮಿಷದ ವಿಶ್ರಾಂತಿ ಇವತ್ತಿಗೂ ಹೆಚ್ಚಿನ ಕಡೆ ಹಾಗೇ ಇದೆ. ಅದೇ ಲೆಕ್ಕದಲ್ಲಿ 2 ಸುತ್ತು ಹಗ್ಗದ ಜಿಗಿತ, 4 ಸುತ್ತು ಗಾಳಿಗುದ್ದು, 2 ಸುತ್ತು ತಲೆ ತಪ್ಪಿಸುವ ಅಭ್ಯಾಸ ಮಾಡಿದರೆ ಅರ್ಧ ಗಂಟೆ ಆಗುತ್ತದೆ. ಹಗ್ಗದ ನಡುವೆ ಒಂದು ಕಾಲಿಟ್ಟು ಎರಡೂ ತುದಿ ಎತ್ತಿದಾಗ ಅವು ಕಂಕುಳ ಮಟ್ಟಕ್ಕೆ ಬಂದರೆ ಅಳತೆ ಸರಿ. ತಲೆ ತಪ್ಪಿಸುವುದಕ್ಕೆ ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಭುಜದ ಎತ್ತರದಲ್ಲಿ ಒಂದು ಹುರಿ ಕಟ್ಟಿ, ಅದರ ಅಡಿಯಿಂದ ಎಡಕ್ಕೂ ಬಲಕ್ಕೂ ನುಸುಳುತ್ತ ಮುಂದೆ ಹೋಗಿ. ಕಣ್ಣು ನೆಲ ನೋಡುತ್ತಿದ್ದರೆ ಸೊಂಟದಲ್ಲಿ ಬಗ್ಗುತ್ತಿದ್ದೀರಿ ಎಂದರ್ಥ. ಬಗ್ಗಬೇಕಾದ್ದು ಮಂಡಿ.

ಗಾಳಿಗುದ್ದಿನಲ್ಲಿ ತಪ್ಪು ಹಿಡಿಯಲು ಮೊಬೈಲ್ ಸಾಕು. ಸೊಂಟದ ಎತ್ತರದಲ್ಲಿ, ಪಕ್ಕದಿಂದ ಒಂದು ಸುತ್ತು, ಎದುರಿನಿಂದ ಒಂದು ಸುತ್ತು ಚಿತ್ರೀಕರಿಸಿ, ನಿಧಾನಗತಿಯಲ್ಲಿ ನೋಡಿ. ಹೊಸಬರ ಜ್ಯಾಬ್ ಗದ್ದದ ಪಕ್ಕದಿಂದ ನೆಟ್ಟಗೆ ಹೊರಡುತ್ತದೆ, ಮರಳುವಾಗ ಎದೆಯ ಮಟ್ಟಕ್ಕೆ ಜೋತುಬೀಳುತ್ತದೆ. ಎದುರಾಳಿಯ ಬಲಗೈ ಒಳಗೆ ಬರುವುದು ಆ ಸಂದಿಯಲ್ಲೇ. ಹೋದ ದಾರಿಯಲ್ಲೇ ಕೈ ವಾಪಸ್ ಬರಬೇಕು, ಹೋದದ್ದಕ್ಕಿಂತ ಬೇಗ ಬರಬೇಕು.

ಇನ್ನು ಬಾಕ್ಸಿಂಗಿನ ದೊಡ್ಡ ತಲೆನೋವಿಗೆ ಬರೋಣ. ಅದು ಗುದ್ದುವ ಚೀಲ. ದುಡ್ಡು ಉಳಿಸಹೋಗಿ ಕೈ ಮುರಿದುಕೊಳ್ಳುವುದು ಇಲ್ಲೇ. ಎಲ್ಲರಿಗೂ ಮೊದಲು ಹೊಳೆಯುವುದು ಮರಳು. ಸುಲಭವಾಗಿ ಸಿಗುತ್ತದೆ, ಭಾರವೂ ಇದೆ. ಆದರೆ ಮರಳು ಹರಿಯುವ ವಸ್ತು. ಪ್ರತಿ ಗುದ್ದಿಗೂ ಸ್ವಲ್ಪ ಕೆಳಗಿಳಿಯುತ್ತದೆ. ಒಂದೆರಡು ವಾರದಲ್ಲಿ ಚೀಲದ ಕೆಳಭಾಗ ಕಲ್ಲು, ಮೇಲ್ಭಾಗ ಖಾಲಿ ಜೋಳಿಗೆ. ಮುಖದ ಎತ್ತರಕ್ಕೆ ಗುದ್ದಿದರೆ ಮುಷ್ಟಿ ಒಳಗೆ ಹೂತು ಮಣಿಕಟ್ಟು ಹೊರಳುತ್ತದೆ, ಹೊಟ್ಟೆಯ ಎತ್ತರಕ್ಕೆ ಗುದ್ದಿದರೆ ಗೆಣ್ಣು ಕಲ್ಲಿಗೆ ಬಡಿಯುತ್ತದೆ. ಕಿರುಬೆರಳಿನ ಬುಡದ ಅಂಗೈ ಮೂಳೆ ಮುರಿಯುವುದಕ್ಕೆ ವೈದ್ಯರು ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದೇ ಹೆಸರಿಟ್ಟಿದ್ದಾರೆ. ಮುಷ್ಟಿ ಓರೆಯಾಗಿ ಗಟ್ಟಿ ವಸ್ತುವಿಗೆ ತಗಲಿದರೆ ಆಗುವುದು ಅದೇ.

ಚೀಲಕ್ಕೆ ತುಂಬಬೇಕಾದ್ದು ಹಳೇ ಬಟ್ಟೆ. ಮೊದಲು ಗುಂಡಿ, ಜಿಪ್, ಕೊಕ್ಕೆ ಎಲ್ಲ ಕತ್ತರಿಸಿ ತೆಗೆಯಿರಿ. ಉಳಿದ ಒಂದೇ ಒಂದು ಲೋಹದ ಗುಂಡಿ ಸಾಕು, ಗೆಣ್ಣಿನ ಚರ್ಮ ಕಿತ್ತುಬರುತ್ತದೆ. ಬಟ್ಟೆಯನ್ನು ಅಂಗೈ ಅಗಲದ ಚಿಂದಿ ಮಾಡಿ. ಇಡೀ ಅಂಗಿ, ಇಡೀ ಪ್ಯಾಂಟು ತುರುಕಿದರೆ ನಡುವೆ ಪೊಳ್ಳು ಉಳಿದು ಚೀಲ ಗಂಟುಗಂಟಾಗುತ್ತದೆ. ದಪ್ಪ ಕ್ಯಾನ್ವಾಸ್ ಚೀಲದಲ್ಲಿ ಒಂದು ಗೇಣು ಚಿಂದಿ ಹಾಕಿ, ಮೊಂಡು ತುದಿಯ ಕೋಲಿನಿಂದ ಮೊದಲು ಅಂಚಿನ ಸುತ್ತ, ಆಮೇಲೆ ನಡುವೆ ಜಡಿಯಿರಿ. ನಡುವೆ ಮಾತ್ರ ಜಡಿದರೆ ಕೈ ತಗಲುವ ಹೊರಭಾಗ ಸಡಿಲವಾಗಿಯೇ ಇರುತ್ತದೆ. ಹೀಗೇ ಪದರದ ಮೇಲೆ ಪದರ. ತುಂಬಿದ ಚೀಲ ನಿಮ್ಮ ಮೈತೂಕದ ಅರ್ಧದಷ್ಟು ತೂಗಿದರೆ ಸರಿ. ಕಡಿಮೆ ಬಿದ್ದರೆ ಮರಳನ್ನು 1 ಕಿಲೋ ಪೊಟ್ಟಣಗಳಾಗಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಟೇಪು ಸುತ್ತಿ, ನಟ್ಟನಡುವೆ ಬೇರೆಬೇರೆ ಎತ್ತರದಲ್ಲಿ ಇಡಿ. ಸುತ್ತ ನಾಲ್ಕೂ ಕಡೆ 10 ಸೆಂಟಿಮೀಟರ್ ಬಟ್ಟೆಯ ಗೋಡೆ ಇರಲೇಬೇಕು. ಎರಡು ವಾರಕ್ಕೆ ಬಟ್ಟೆಯೂ ಕುಸಿಯುತ್ತದೆ. ಬಾಯಿ ಬಿಚ್ಚಿ ಮೇಲಿಂದ ಮತ್ತೆ ತುಂಬಿ.

ನೇತುಹಾಕುವಾಗ ನೆನಪಿಡಿ: ಚೀಲ ತೂಗಾಡುವಾಗ ಕೊಕ್ಕೆಯ ಮೇಲೆ ಬೀಳುವ ಎಳೆತ ಅದರ ತೂಕಕ್ಕಿಂತ ಎಷ್ಟೋ ಜಾಸ್ತಿ. ಫ್ಯಾನಿನ ಕೊಕ್ಕೆಗೆ ಬೇಡವೇ ಬೇಡ. ಮರದ ಕೊಂಬೆಯಾದರೆ ಹಗ್ಗ ಉಜ್ಜುವ ಜಾಗಕ್ಕೆ ಹಳೇ ಸೈಕಲ್ ಟ್ಯೂಬು ಸುತ್ತಿ. ಇಷ್ಟೆಲ್ಲ ಆಗದವರು ಮೊದಲ 3 ತಿಂಗಳು ಚೀಲದ ಗೋಜಿಗೇ ಹೋಗಬೇಡಿ. ನಷ್ಟವಿಲ್ಲ, ಆಕಾರ ಕೂರುವ ಮೊದಲು ಚೀಲ ಸಿಕ್ಕರೆ ಬಲ ತೋರಿಸುವ ಚಪಲವೇ ಹೆಚ್ಚಾಗುತ್ತದೆ.

ಕೈಪಟ್ಟಿ ಮನೆಯಲ್ಲೇ ಆಗುತ್ತದೆ. ಹಳೇ ಹತ್ತಿ ಬೆಡ್‌ಶೀಟಿನಿಂದ 5 ಸೆಂಟಿಮೀಟರ್ ಅಗಲ, ನಾಲ್ಕೂವರೆ ಮೀಟರ್ ಉದ್ದದ ಪಟ್ಟಿ ಹರಿದು, ಉದ್ದ ಸಾಲದಿದ್ದರೆ ಹೊಲಿದು ಜೋಡಿಸಿ, ತುದಿಯಲ್ಲಿ ಹೆಬ್ಬೆರಳು ತೂರಿಸಲು ಒಂದು ಕುಣಿಕೆ ಮಾಡಿ. ಬೆರಳುಗಳನ್ನು ಅಗಲಿಸಿಕೊಂಡು ಮಣಿಕಟ್ಟಿಗೆ 3 ಸುತ್ತು, ಗೆಣ್ಣಿಗೆ 3 ಸುತ್ತು, ಬೆರಳ ಸಂದಿಗಳಲ್ಲಿ ಒಂದೊಂದು, ಹೆಬ್ಬೆರಳಿಗೆ ಒಂದು, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಬೆಡ್‌ಶೀಟು ಹಿಗ್ಗುವುದಿಲ್ಲ, ಬಿಗಿದರೆ ಬೆರಳು ಜೋಮು ಹಿಡಿಯುತ್ತದೆ.

ಗ್ಲೌಸು ಮಾತ್ರ ಕೊಳ್ಳಲೇಬೇಕು. ಯಾರೋ ಬಳಸಿ ಬಿಟ್ಟದ್ದಾದರೂ ಪರವಾಗಿಲ್ಲ, ಆದರೆ ಕೈ ಒಳಗೆ ಹಾಕಿ ಗೆಣ್ಣಿನ ಜಾಗವನ್ನು ಹೊರಗಿಂದ ಹೆಬ್ಬೆರಳಲ್ಲಿ ಒತ್ತಿ ನೋಡಿ. ಮೂಳೆ ಸಿಕ್ಕಿದರೆ ಅಲ್ಲೇ ಬಿಟ್ಟು ಬನ್ನಿ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಳತೆಗೆ ತರುವ ಹಲ್ಲುಗವಸಿಗೂ ದುಡ್ಡು ಎತ್ತಿಡಿ. ತಲೆಗವಸು ಚರ್ಮ ಒಡೆಯುವುದನ್ನು ತಡೆಯುತ್ತದೆ, ಮಿದುಳಿಗೆ ಬೀಳುವ ಪೆಟ್ಟನ್ನಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪುರುಷರು ಅದಿಲ್ಲದೆಯೇ ಆಡಿದರು. ತರಬೇತುದಾರರು ನಿಂತು ನೋಡದ ಕಡೆ ಗೆಳೆಯರ ಜೊತೆ ಜಟಾಪಟಿಗೆ ಇಳಿಯಬೇಡಿ.

ಜೂಡೋಗೆ ನನ್ನ ಎರಡನೇ ಸ್ಥಾನ, ಅದೂ ಒಂದು ಷರತ್ತಿನ ಮೇಲೆ: ಸ್ವಯಂಸೇವಕರು ನಡೆಸುವ ಕ್ಲಬ್ಬು ನಡೆದುಹೋಗುವ ದೂರದಲ್ಲಿರಬೇಕು. ಇದ್ದರೆ ಅದು ಭಾಗ್ಯ. ಜಿಗೊರೊ ಕಾನೋ 1882ರಲ್ಲಿ ಕಟ್ಟಿದ ಈ ಪದ್ಧತಿಯ ಜೀವಾಳ ರಾಂದೋರಿ, ಅಂದರೆ ಬೀಳಲು ಒಪ್ಪದವನನ್ನು ಬೀಳಿಸುವ ಅಭ್ಯಾಸ. ಜೊತೆಗಾರ ಬೇಕು, ಮೆತ್ತನೆ ಹಾಸು ಬೇಕು. ಬೀಳುವ ವಿದ್ಯೆಯನ್ನು ಸಿಮೆಂಟು ನೆಲದ ಮೇಲೆ ಕಲಿಯಹೋದರೆ ಮೊಣಕೈ, ತಲೆ ಎರಡಕ್ಕೂ ಅಪಾಯ. ಮನೆಯಲ್ಲಿ ಮಾಡಬಹುದಾದ್ದು ಕಂಬಕ್ಕೆ ಸೈಕಲ್ ಟ್ಯೂಬು ಸುತ್ತಿ ಎರಡೂ ತುದಿ ಹಿಡಿದು ಎಳೆಯುತ್ತ ಒಳತಿರುಗುವ ಉಚಿಕೋಮಿ, ಅಂದರೆ ಎಸೆತದ ಪ್ರವೇಶವನ್ನು ಮತ್ತೆಮತ್ತೆ ಮಾಡುವ ಅಭ್ಯಾಸ. ಅದು ಚೆನ್ನಾಗಿದೆ, ಆದರೆ ಕಂಬ ಎದುರು ತಳ್ಳುವುದಿಲ್ಲ. ಹಳೇ ಜೂಡೋಗಿ (ಜೂಡೋ ಸಮವಸ್ತ್ರ) ಕೊಳ್ಳುವಾಗ ಕಂಕುಳ ಹೊಲಿಗೆ, ಕತ್ತುಪಟ್ಟಿ ಎರಡನ್ನೂ ಜಗ್ಗಿ ನೋಡಿ. ಹೊಸದಾದರೆ ಬಿಸಿನೀರಿಗೆ ಹಾಕಬೇಡಿ, ತೋಳು ಗಿಡ್ಡವಾಗುತ್ತದೆ.

ಕರಾಟೆಯ ಕಟಾ, ಅಂದರೆ ಗೊತ್ತುಪಡಿಸಿದ ಚಲನೆಗಳ ಸರಣಿ, ಒಬ್ಬರೇ ಮಾಡುವುದಕ್ಕೆಂದೇ ಇರುವಂಥದ್ದು, ಬರಿಗಾಲು, ಬರಿಗೈ ಸಾಕು. ಆದರೂ ಮೂರನೆಯದು, ಯಾಕೆಂದರೆ ದೂರದ ಅಂದಾಜು ಕಟಾದಿಂದ ಬರುವುದಿಲ್ಲ, ಬಿಳಿಯಿಂದ ಕಪ್ಪು ಬೆಲ್ಟಿಗೆ ಹೆಚ್ಚಿನ ಶಾಲೆಗಳಲ್ಲಿ 8ರಿಂದ 10 ಪರೀಕ್ಷೆಗಳಿವೆ, ಪ್ರತಿಯೊಂದಕ್ಕೂ ಶುಲ್ಕ. ಪರೀಕ್ಷೆ ಬಿಟ್ಟು ಪಾಠ ಮಾತ್ರ ಕಲಿಯಲು ಬಿಡುತ್ತಾರೆಯೇ ಎಂದು ಮೊದಲ ದಿನವೇ ಕೇಳಿ.

ಕುಸ್ತಿ ಎಲ್ಲಾದರೂ ಪುಕ್ಕಟೆ ಹೇಳಿಕೊಡುತ್ತಿದ್ದರೆ ಎರಡು ಮಾತಿಲ್ಲದೆ ಹೋಗಿ. ನೆಲದ ಮೇಲೆ ಹಿಡಿತ ಹಾಕಿ ಮಣಿಸುವ ಬ್ರೆಜಿಲಿಯನ್ ಜಿಯು ಜಿತ್ಸು ಒಳ್ಳೆಯ ವಿದ್ಯೆ, ಖಾಲಿ ಜೇಬಿಗಲ್ಲ. ಕುತ್ತಿಗೆ ಹಿಸುಕುವ ಪಟ್ಟುಗಳನ್ನಂತೂ ವಿಡಿಯೋ ನೋಡಿ ಪ್ರಯೋಗಿಸಬೇಡಿ.

ನನಗೆ ಸಿಗುವುದು ಬೆಳಗಿನ ಮುಕ್ಕಾಲು ಗಂಟೆ, ಜೊತೆಗೆ ಯಾರೂ ಇರುವುದಿಲ್ಲ, ತಿಂಗಳ ಶುಲ್ಕಕ್ಕಿಂತ ಒಂದೇ ಸಲ ಆಗುವ ಖರ್ಚು ಹಗುರ. ಅದಕ್ಕೆ ಬಾಕ್ಸಿಂಗ್. ಗುಂಪಿಲ್ಲದೆ ಹುರುಪು ಬರದವರಿಗೆ ಈ ತೀರ್ಮಾನ ಒಗ್ಗಲಿಕ್ಕಿಲ್ಲ, ಅವರು ಜೂಡೋ ಕ್ಲಬ್ಬು ಹುಡುಕಲಿ. 3 ತಿಂಗಳು ಮನೆಯಲ್ಲಿ ಹೆಜ್ಜೆ, ಜ್ಯಾಬ್ ಕೂರಿಸಿಕೊಂಡು, ನಾಲ್ಕನೇ ತಿಂಗಳಿಂದ ವಾರಕ್ಕೆ ಒಂದೇ ತರಗತಿಗೆ ದುಡ್ಡು ಕೊಡಿ. ವರ್ಷದ ಒಪ್ಪಂದಕ್ಕೆ ಸಹಿ ಹಾಕದೆ, ತರಗತಿಗೆ ಇಷ್ಟು ಎಂದು ಮಾತಾಡಿ. ಮೊದಲ ದಿನ ಮೊಬೈಲಿನಲ್ಲಿ ಹಿಡಿದ ಎರಡು ಸುತ್ತು ತರಬೇತುದಾರರಿಗೆ ತೋರಿಸಿ, ಮೊದಲು ತಿದ್ದಬೇಕಾದ ಒಂದೇ ತಪ್ಪು ಯಾವುದು ಎಂದು ಕೇಳಿ, ಅದನ್ನು ಬರೆದುಕೊಂಡು ಮನೆಗೆ ಬನ್ನಿ.